ಬಟ್ಟೆ ಒಗೆಯುವ ಕಾಯಿಯಿಂದ ಬಸವನಹುಳು ಸಾಯುತ್ತೆ ಅಂದ್ರೆ, ಎಲ್ಲ ಕಡೆ ಯಾಕೆ ಬಳಸಲ್ಲ?

ಇಥಿಯೋಪಿಯಾದ ಎಂಡೋಡ್ ಗಿಡದ ಬಗ್ಗೆ ಎಲ್ಲಿ ಮಾತಾಡಿದರೂ ನನಗೆ ಈ ಪ್ರಶ್ನೆ ಬರುತ್ತದೆ. ಕಾಯಿ ಅಲ್ಲೇ ಬೆಳೆಯುತ್ತದೆ, ರೋಗ ಹರಡುವ ಹುಳುವನ್ನು ಕೊಲ್ಲುತ್ತದೆ. ಮತ್ತೇನು ಅಡ್ಡಿ?

ರೋಗದ ಹೆಸರು ಬಿಲ್ಹಾರ್ಜಿಯಾ. ರೋಗಿಯ ಮಲ, ಮೂತ್ರದ ಜೊತೆ ಪರಾವಲಂಬಿಯ ಮೊಟ್ಟೆ ನೀರು ಸೇರುತ್ತದೆ. ಮರಿ ಹೊರಬಂದು ಸಿಹಿನೀರಿನ ಬಸವನಹುಳುವಿನ ಒಳಗೆ ಹೊಕ್ಕು ಸಾವಿರಗಟ್ಟಲೆ ಆಗುತ್ತದೆ. ಆಮೇಲೆ ನೀರಿಗಿಳಿದವರ ಚರ್ಮ ತೂರಿ ಒಳಗೆ ಹೋಗುತ್ತದೆ. ಆ ನೀರು ಕುಡಿಯಬೇಕು ಅಂತೇನಿಲ್ಲ, ಕಾಲಿಟ್ಟರೂ ಸಾಕು.

1964ರಲ್ಲಿ ಅಕ್ಲಿಲು ಲೆಮ್ಮಾ ಎಂಬ ವಿಜ್ಞಾನಿ ಉತ್ತರ ಇಥಿಯೋಪಿಯಾದ ಅಡ್ವಾ ಊರಿನಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿನ ಹೆಂಗಸರು ಎಂಡೋಡ್ ಕಾಯಿ ಜಜ್ಜಿ ಬಟ್ಟೆ ಒಗೆಯುತ್ತಿದ್ದರು. ಒಗೆಯುವ ಜಾಗದಿಂದ ಕೆಳಕ್ಕೆ ರಾಶಿ ಬಸವನಹುಳು ಸತ್ತುಬಿದ್ದಿರುವುದು ಲೆಮ್ಮಾ ಅವರ ಕಣ್ಣಿಗೆ ಬಿತ್ತು. ಜೀವಂತ ಹುಳು ಹಿಡಿದು ತಂದು, ಅದೇ ನೊರೆ ಹಾಕಿಸಿ ನೋಡಿದರು. ಅವೂ ಸತ್ತವು. ನಮ್ಮ ಅಂಟುವಾಳದಲ್ಲಿ ನೊರೆ ಬರಿಸುವುದೂ, ಎಂಡೋಡ್‌ನಲ್ಲಿ ಹುಳು ಕೊಲ್ಲುವುದೂ ಸಪೋನಿನ್ ಎಂಬ ಜಾತಿಯ ವಸ್ತುವೇ.

1969ರಿಂದ ಐದು ವರ್ಷ ಅಡ್ವಾದ ಹೊಳೆಗಳಿಗೆ ಎಂಡೋಡ್ ಹಾಕಿ ನೋಡಿದರು. ಊರಲ್ಲಿ ನೂರಕ್ಕೆ 63 ಜನರಿಗಿದ್ದ ರೋಗ 33ಕ್ಕೆ ಇಳಿಯಿತು. ಪುಟ್ಟ ಮಕ್ಕಳಲ್ಲಂತೂ 50ರಿಂದ 7ಕ್ಕೆ. ಈ ಎರಡನೇ ಲೆಕ್ಕವೇ ನನಗೆ ಮುಖ್ಯ. ದೊಡ್ಡವರಲ್ಲಿ ಹಳೆಯ ಸೋಂಕು ವರ್ಷಗಟ್ಟಲೆ ಉಳಿಯುತ್ತದೆ. ಮಕ್ಕಳಲ್ಲಿ ಕಾಣುವುದು ಹೊಸದಾಗಿ ತಗುಲಿದ್ದು. ಅದು ಇಳಿದಿದೆ ಅಂದರೆ ಹೊಳೆಯಲ್ಲಿ ಅಪಾಯ ನಿಜಕ್ಕೂ ಕಡಿಮೆಯಾಗಿದೆ ಎಂದರ್ಥ, ಅಲ್ವಾ?

ಹಾಗಿದ್ದರೂ ಹರಡಲಿಲ್ಲ. ಎಂಡೋಡ್ ಬಸವನಹುಳುವನ್ನು ಕೊಲ್ಲುತ್ತದೆ, ಅದರ ಮೊಟ್ಟೆಗಳನ್ನಲ್ಲ. ನೀರಿನಲ್ಲಿ ಕೆಲವೇ ದಿನಗಳಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ಪರಿಸರಕ್ಕೆ ಅದು ಒಳ್ಳೆಯದು, ಆದರೆ ಮತ್ತೆ ಮತ್ತೆ ಹಾಕಬೇಕು. ಅದಕ್ಕೆ ತಕ್ಕಷ್ಟು ಕಾಯಿ ಬೆಳೆಯಬೇಕು, ಒಣಗಿಸಬೇಕು, ಪುಡಿ ಮಾಡಬೇಕು. ಅಷ್ಟರಲ್ಲಿ ಈ ರೋಗಕ್ಕೆ ಪ್ರಾಜಿಕ್ವಾಂಟೆಲ್ ಎಂಬ ಮಾತ್ರೆ ಬಂತು, ಗಮನವೆಲ್ಲ ಅತ್ತ ಹೋಯಿತು. ಮಾತ್ರೆ ರೋಗಿಯ ಒಳಗಿನ ಪರಾವಲಂಬಿಯನ್ನು ಕೊಲ್ಲುತ್ತದೆ, ನಿಜ. ಮಗು ನಾಳೆ ಅದೇ ಹೊಳೆಗೆ ಇಳಿದರೆ ಮತ್ತೆ ಸೋಂಕು.

ಇನ್ನೊಂದು ದೊಡ್ಡ ಕಾರಣ, ಇಥಿಯೋಪಿಯಾದಲ್ಲೇ ಮಾಡಿದ ಪರೀಕ್ಷೆಗಳನ್ನು ಹೊರಗಿನವರು ಸುಲಭಕ್ಕೆ ಒಪ್ಪದೇ ಹೋದದ್ದು. ಬೇರೆ ಜೀವಿಗಳಿಗೆ ವಿಷವಾಗುತ್ತದಾ ಎಂಬ ಪರೀಕ್ಷೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ದುಬಾರಿ ಪ್ರಯೋಗಾಲಯ ಇಲ್ಲದ ದೇಶ ಆ ಖರ್ಚನ್ನು ಎಲ್ಲಿಂದ ತರಬೇಕು? ಲಾಭ ಕಾಣದ ಕಾಯಿಗೆ ಯಾವ ಕಂಪನಿ ದುಡ್ಡು ಸುರಿಯುತ್ತದೆ? ಲೆಮ್ಮಾ ಮತ್ತು ಅವರ ಸಹೋದ್ಯೋಗಿ ಲೆಗೆಸೆ ವೋಲ್ಡೆ ಯೊಹಾನ್ನೆಸ್ ಅವರಿಗೆ 1989ರಲ್ಲಿ, ‘ಪರ್ಯಾಯ ನೊಬೆಲ್’ ಎಂದು ಕರೆಯುವ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಅಷ್ಟು ಹೊತ್ತಿಗೆ ಅಡ್ವಾದ ಆ ದಿನ ಕಳೆದು 25 ವರ್ಷ ಆಗಿತ್ತು. ನನಗೆ ಇದನ್ನು ನೆನೆದರೆ ಸಂಕಟ ಆಗುತ್ತದೆ.

ಇದರ ಬೆನ್ನಿಗೇ ಕೆಲವರು ಕೇಳುತ್ತಾರೆ: ನಮ್ಮ ಕೆರೆಗೆ ಅಂಟುವಾಳದ ನೀರು ಹಾಕಬಹುದಾ? ದಯವಿಟ್ಟು ಬೇಡ. ಸಪೋನಿನ್ ಮೀನಿನ ಕಿವಿರಿಗೂ ವಿಷ, ಮೀನು ಸಾಯುತ್ತವೆ. ನಮ್ಮ ಕಡೆ ಬಸವನಹುಳುವಿನಿಂದ ಹರಡುವ ಇಂಥ ರೋಗ ಜಾಸ್ತಿ ಕಾಡುವುದು ದನಕರುಗಳನ್ನು. ಗೊರಕೆ ರೋಗ ಅಂತಹದ್ದೇ. ದನ ಮೂಗಿನಿಂದ ಗೊರಗೊರ ಸದ್ದು ಮಾಡಿದರೆ ಪಶುವೈದ್ಯರಿಗೆ ತೋರಿಸಿ. ದನಗಳಿಗೆ ಕುಡಿಯಲು ಕೆರೆಗೆ ಇಳಿಸುವ ಬದಲು ತೊಟ್ಟಿಯಲ್ಲಿ ನೀರು ಕೊಡಿ.