ಚೀಲದ ತಳದ ಕೊಬ್ಬರಿ

ತಿಪಟೂರು, 4 ಸೆಪ್ಟೆಂಬರ್ 2024, ಬುಧವಾರ, ರಾತ್ರಿ

ಬೆಳಗಿನ ಜಾವ ಐದಕ್ಕೆ ಹತ್ತು ನಿಮಿಷವಿರುವಾಗ ಮಂಡಿ ಯಜಮಾನರ ಮಗ ಫೋನ್ ಮಾಡಿ, "ಮೇಷ್ಟ್ರೇ, ಅಪ್ಪ ಹೋಗಿಬಿಟ್ಟರು" ಎಂದಷ್ಟೇ ಹೇಳಿ ಸುಮ್ಮನಾದ. ನಾನೂ ಸುಮ್ಮನಾದೆ. ಮೊನ್ನೆ ಶನಿವಾರವಷ್ಟೇ ನಮ್ಮ ಲಯನ್ಸ್ ಕ್ಲಬ್ಬಿನ ಸಭೆಯಲ್ಲಿ ನನ್ನ ಪಕ್ಕದಲ್ಲಿ ಕುಳಿತು, ಶಾಲಾ ಮಕ್ಕಳ ಕನ್ನಡಕಕ್ಕೆ ತಮ್ಮ ಪಾಲಿನ ಹಣವನ್ನು ಲೆಕ್ಕ ಹಾಕಿ ಎಣಿಸಿಕೊಟ್ಟವರು ಅವರು. ಆದರೆ ನನ್ನ ಬಾಯಿಂದ ಬಂದ ಮೊದಲ ಮಾತು ಸಮಾಧಾನದ ಮಾತಾಗಿರಲಿಲ್ಲ, "ಎಷ್ಟು ಹೊತ್ತಿಗೆ ಹೋದರಪ್ಪಾ?" ಎಂದು ಕೇಳಿದೆ. ನಾಲ್ಕೂಕಾಲು ಎಂದ. ಹಾಗಾದರೆ ಹತ್ತೂಕಾಲರ ತನಕ ಸಮಯವಿದೆ ಎಂದು ಮನಸ್ಸು ತಾನಾಗಿಯೇ ಲೆಕ್ಕ ಹಾಕಿತು. ನೇತ್ರದಾನದ ಕೆಲಸಕ್ಕೆ ಇಳಿದ ಮೇಲೆ ನನಗೆ ಸಾವಿನ ಸುದ್ದಿಯೆಲ್ಲ, ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕೆಂಬ ಗಡುವಿನೊಂದಿಗೇ ಬರುತ್ತದೆ. ಇದು ಒಳ್ಳೆಯ ಅಭ್ಯಾಸವೋ ಕೆಟ್ಟದ್ದೋ ನನಗೆ ತಿಳಿಯದು.

ಯಜಮಾನರು ನೇತ್ರದಾನಕ್ಕೆ ಬರೆದುಕೊಟ್ಟದ್ದು 2021ರ ನವೆಂಬರ್‌ನಲ್ಲಿ. ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡು, ಅವರ ಎರಡು ಕಣ್ಣುಗಳ ಕಾರ್ನಿಯಾವನ್ನು ಪದರ ಪದರವಾಗಿ ಬಿಡಿಸಿ ನಾಲ್ವರಿಗೆ ಕಸಿ ಮಾಡಿದರೆಂಬ ಸುದ್ದಿ ಬಂದ ಮೇಲೆ, ಅದುವರೆಗೆ ನಮ್ಮ ಕ್ಲಬ್ಬಿನ ಮೇಜಿನ ಬಳಿ ಸುಳಿಯದಿದ್ದ ಹುಡುಗರು ಸಾಲುಗಟ್ಟಿ ನಿಂತು ಅರ್ಜಿ ತುಂಬಿದ್ದರು. ಆ ಸಾಲಿನಲ್ಲಿ ಎಪ್ಪತ್ತೈದು ವರ್ಷದ ಯಜಮಾನರೂ ನಿಂತಿದ್ದರು. "2006ರಲ್ಲಿ ಅಣ್ಣಾವ್ರು ಕೊಟ್ಟಾಗಲೇ ಬರೆದುಕೊಡಬೇಕಿತ್ತು, ಹದಿನೈದು ವರ್ಷ ಸೋಮಾರಿತನ ಮಾಡಿದೆ" ಎಂದಿದ್ದರು. ಆಗ ಕೊಟ್ಟ ಚೀಟಿ ಇಂದಿಗೂ ಅವರ ಮಂಡಿಯಲ್ಲಿ, ಗಲ್ಲಾ ಮೇಜಿನ ಗಾಜಿನ ಕೆಳಗೆ, ಸಿದ್ಧಗಂಗೆಯ ಸ್ವಾಮೀಜಿಯವರ ಫೋಟೋದ ಪಕ್ಕದಲ್ಲಿದೆ. ಆದರೆ ಆ ಚೀಟಿ ಸತ್ತವರ ಇಚ್ಛೆಯನ್ನು ಹೇಳುತ್ತದೆಯೇ ಹೊರತು ಕೆಲಸ ನಡೆಯುವುದು ಮನೆಯವರ ಸಹಿಯಿಂದ. ನಮ್ಮೂರಿನಲ್ಲಿ ಬರೆದುಕೊಟ್ಟವರು ನೂರಾರು ಜನ. ಅವರು ಹೋದ ದಿನ ಮನೆಯವರು ನೆನಪು ಮಾಡಿಕೊಂಡು ಫೋನ್ ಮಾಡಿದ್ದನ್ನು ಬೆರಳಲ್ಲಿ ಎಣಿಸಬಹುದು. ಆ ಮಟ್ಟಿಗೆ ಯಜಮಾನರ ಮಗನದು ದೊಡ್ಡ ಮನಸ್ಸು.

ನಾನು ಹೋಗುವಷ್ಟರಲ್ಲಿ ಅಂಗಳದಲ್ಲಿ ಜನ ಸೇರಿದ್ದರು. ತುಮಕೂರಿನ ಕಡೆಯಿಂದ ಕಣ್ಣು ತೆಗೆಯುವ ತಂಡ ಹೊರಟಿತ್ತು. ಫೋನಿನಲ್ಲಿ ಹೇಳಿದ್ದಂತೆ ಮಗ ತಂದೆಯ ರೆಪ್ಪೆಗಳನ್ನು ಮುಚ್ಚಿ, ಅವುಗಳ ಮೇಲೆ ಒದ್ದೆ ಹತ್ತಿ ಇಟ್ಟು, ತಲೆಗೆ ಎರಡು ದಿಂಬು ಕೊಟ್ಟು ಎತ್ತರಿಸಿದ್ದ. ಕಣ್ಣು ಒಣಗಬಾರದೆಂದು ಫ್ಯಾನ್ ನಿಲ್ಲಿಸಿದ್ದರು. ಬಂದ ಬಂದವರೆಲ್ಲ ಸೆಖೆಯೆಂದು ಸ್ವಿಚ್ಚಿನ ಕಡೆ ಕೈ ಚಾಚುತ್ತಿದ್ದುದರಿಂದ, ಏಳನೆಯ ತರಗತಿಯ ಮೊಮ್ಮಗ ಸ್ವಿಚ್ ಬೋರ್ಡಿಗೆ ಬೆನ್ನು ಕೊಟ್ಟು ನಿಂತಿದ್ದ. ಯಾರು ಕೇಳಿದರೂ "ತಾತನ ಕಣ್ಣು ಒಣಗುತ್ತೆ" ಎಂದಷ್ಟೇ ಹೇಳುತ್ತಿದ್ದ. ಅವನ ಕಣ್ಣಿನಿಂದ ನೀರು ಇಳಿಯುತ್ತಲೇ ಇತ್ತು. ಒರೆಸಿಕೊಳ್ಳಲು ಕೂಡ ಅವನು ಅಲ್ಲಿಂದ ಕದಲಲಿಲ್ಲ.

ತಕರಾರು ಬಂದದ್ದು ಯಜಮಾನರ ಅಕ್ಕನಿಂದ. ಎಂಬತ್ತು ದಾಟಿದ ಹಿರಿಯ ಜೀವ. ತಮ್ಮನನ್ನು ಎತ್ತಿ ಆಡಿಸಿದವರು. ಮುಂದಿನ ಜನ್ಮದಲ್ಲಿ ಕುರುಡನಾಗಿ ಹುಟ್ಟುತ್ತಾನೆ ಎಂಬ, ನಾವು ಎಲ್ಲ ಮನೆಗಳಲ್ಲೂ ಕೇಳುವ ಮಾತನ್ನು ಅವರೂ ಮೊದಲು ಹೇಳಿದರು. ಅದಕ್ಕೆ ನನ್ನ ಬಳಿ ಉತ್ತರವಿತ್ತು. ಆದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ. "ಸಮಾಧಿಯೊಳಗೆ ಕೂರಿಸಿ ಅಂಗೈಯಲ್ಲಿ ಲಿಂಗ ಇಡುತ್ತೀರಲ್ಲ ಮೇಷ್ಟ್ರೇ, ಅವನು ಅದನ್ನು ಯಾವ ಕಣ್ಣಿನಿಂದ ನೋಡಬೇಕು?" ಎಂದರು. ಹದಿನಾಲ್ಕು ವರ್ಷದಿಂದ ಈ ಕೆಲಸ ಮಾಡುತ್ತಿರುವ ನನಗೆ ಇಂಥ ಪ್ರಶ್ನೆ ಎದುರಾಗಿರಲಿಲ್ಲ, ಮತ್ತು ಅದು ತಳ್ಳಿಹಾಕುವ ಪ್ರಶ್ನೆಯೂ ಆಗಿರಲಿಲ್ಲ. ನಾನು ತಡವರಿಸುತ್ತಿರುವಾಗ, ಅದುವರೆಗೆ ಗಂಡನ ಪಾದದ ಬಳಿ ಮಾತಿಲ್ಲದೆ ಕುಳಿತಿದ್ದ ಅಮ್ಮನವರು ತಲೆ ಎತ್ತದೆಯೇ ಹೇಳಿದರು: "ಅಕ್ಕಾ, ಲಿಂಗೈಕ್ಯ ಆದವರಿಗೆ ಮುಂದಿನ ಜನ್ಮ ಎಲ್ಲಿಂದ ಬಂತು? ಲಿಂಗವೇ ತಾನಾದ ಮೇಲೆ ನೋಡುವುದು ಏನು ಉಳಿಯಿತು?" ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಅವರು ಬೇಡವೆನ್ನಲಿಲ್ಲ.

ಇಲ್ಲಿಗೆ ನನ್ನ ಕೆಲಸ ಸುಲಭವಾಯಿತೆಂದುಕೊಂಡೆ. ಒಪ್ಪಿಗೆ ಪತ್ರವನ್ನು ತೊಡೆಯ ಮೇಲಿಟ್ಟುಕೊಂಡ ಅಮ್ಮನವರು ಸಹಿ ಹಾಕದೆ ನನ್ನನ್ನು ಪಕ್ಕಕ್ಕೆ ಕರೆದರು. ಮೇಲೆ ಅಟ್ಟದಲ್ಲಿ ವರ್ಷದ ಕಾಯಿ ಒಣಗುತ್ತಿರುವ ವಾಸನೆ ಆ ಕೋಣೆಗೆಲ್ಲ ಹರಡಿತ್ತು. "ಮೇಷ್ಟ್ರೇ, ಅವರ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ, ನಿಮ್ಮ ಕ್ಲಬ್ಬಿನ ಬಸ್ಸಿನಲ್ಲೇ ಹೋಗಿ ಮಾಡಿಸಿಕೊಂಡು ಬಂದದ್ದು. ಇಪ್ಪತ್ತು ವರ್ಷದಿಂದ ಶುಗರ್ ಬೇರೆ ಇತ್ತು. ಅವರು ಮಂಡಿಯಲ್ಲಿ ಒಂದು ದಿನವೂ ಕೌಟು ಹಿಡಿದ ಕೊಬ್ಬರಿಯನ್ನು ಚೀಲದ ತಳಕ್ಕೆ ಹಾಕಿ ಮೇಲೆ ಒಳ್ಳೆಯದನ್ನು ಜೋಡಿಸಿದವರಲ್ಲ. ಈಗ ಕೆಲಸಕ್ಕೆ ಬಾರದ ಕಣ್ಣನ್ನು ದಾನ ಅಂತ ಕೊಟ್ಟರೆ ಅವರ ಹೆಸರಿಗೆ ಒಳ್ಳೆಯದಲ್ಲ. ಇದು ಇನ್ನೊಬ್ಬರಿಗೆ ಖಂಡಿತ ಉಪಯೋಗ ಆಗುತ್ತದಾ, ಹೇಳಿ."

ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತಿರುವ ಪಾರದರ್ಶಕ ಪದರವೇ ಕಾರ್ನಿಯಾ, ಕಸಿ ಮಾಡುವುದು ಅದನ್ನು ಮಾತ್ರ, ಪೊರೆ ಬರುವುದು ಅದರ ಹಿಂದಿರುವ ಮಸೂರಕ್ಕೆ, ಆದ್ದರಿಂದ ಪೊರೆಯ ಆಪರೇಷನ್ ಆಗಿರುವುದೋ ಸಕ್ಕರೆ ಕಾಯಿಲೆಯೋ ಕನ್ನಡಕವೋ ದಾನಕ್ಕೆ ಅಡ್ಡಿಯಲ್ಲ ಎಂದು ವಿವರಿಸಿದೆ. ಇವೆಲ್ಲ ನಿಜ. ಅವರು ಕಿವಿಗೊಟ್ಟು ಕೇಳಿ, ಮತ್ತೆ "ಖಂಡಿತ?" ಎಂದರು. ಆಗ ನಾನು, "ಖಂಡಿತ ಅಮ್ಮಾ, ಇಬ್ಬರಿಗೆ ದೃಷ್ಟಿ ಬರುತ್ತದೆ" ಎಂದುಬಿಟ್ಟೆ. ಅವರು ಸಹಿ ಹಾಕಿದರು. ಒಂದೊಂದೇ ಅಕ್ಷರವನ್ನು ಬಿಡಿಬಿಡಿಯಾಗಿ, ಒತ್ತಿ ಬರೆದರು. ಮಗನೂ ಎದುರುಮನೆಯವರೂ ಸಾಕ್ಷಿಗೆ ಸಹಿ ಮಾಡಿದರು.

ಒಂಬತ್ತಕ್ಕೆ ಐದು ನಿಮಿಷವಿರುವಾಗ ತಂಡ ಬಂತು: ಒಬ್ಬ ಹುಡುಗಿ, ಒಬ್ಬ ಸಹಾಯಕ, ಒಂದು ಐಸ್ ಪೆಟ್ಟಿಗೆ. ಹಿಂದೆಲ್ಲ ವೈದ್ಯರೇ ಬರಬೇಕಿತ್ತು. 1994ರ ಅಂಗಾಂಗ ಕಸಿ ಕಾಯ್ದೆಗೆ 2011ರಲ್ಲಿ ತಿದ್ದುಪಡಿಯಾದ ಮೇಲೆ ತರಬೇತಾದ ತಂತ್ರಜ್ಞರೂ ಕಾರ್ನಿಯಾ ತೆಗೆಯಬಹುದು, ಅದರಿಂದ ನಮ್ಮಂಥ ತಾಲ್ಲೂಕು ಊರುಗಳಿಗೆ ದೊಡ್ಡ ಅನುಕೂಲವಾಗಿದೆ. ಬಾಗಿಲು ಹಾಕಿಕೊಂಡು ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಸಿದ ಆ ಹುಡುಗಿ ಹೊರಗೆ ಬಂದು, ಅಮ್ಮನವರ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಮುಖ ತೋರಿಸಿದಳು. ಮುಖ ಇದ್ದಂತೆಯೇ ಇತ್ತು, ಹಣೆಯ ವಿಭೂತಿ ಕೂಡ ಅಳಿಸಿರಲಿಲ್ಲ. ಅಮ್ಮನವರು ಅವಳನ್ನೂ ಅದೇ ಪ್ರಶ್ನೆ ಕೇಳಿದರು: "ಚೆನ್ನಾಗಿತ್ತೇನಮ್ಮಾ ಕಣ್ಣು? ಉಪಯೋಗಕ್ಕೆ ಬರುತ್ತದೆ ತಾನೇ?"

ಆ ಹುಡುಗಿಗೆ ಇಪ್ಪತ್ತೈದು ವರ್ಷವಿರಬಹುದು. ಅವಳು ಒಂದು ಕ್ಷಣವೂ ತಡೆಯಲಿಲ್ಲ. "ಈಗಲೇ ಹೇಳುವುದಕ್ಕೆ ಆಗುವುದಿಲ್ಲ ಅಜ್ಜಿ. ವಯಸ್ಸಾದ ಹಾಗೆ ಕಾರ್ನಿಯಾದ ಒಳಪದರದ ಜೀವಕೋಶ ಕಮ್ಮಿಯಾಗುತ್ತಾ ಹೋಗುತ್ತದೆ, ಮತ್ತೆ ಬೆಳೆಯುವುದಿಲ್ಲ. ಮೈಕ್ರೋಸ್ಕೋಪಿನಲ್ಲಿ ಅದನ್ನು ಎಣಿಸಬೇಕು, ರಕ್ತದ ಪರೀಕ್ಷೆ ಆಗಬೇಕು. ಚೆನ್ನಾಗಿದ್ದರೆ ಕಸಿಗೆ ಹೋಗುತ್ತದೆ, ಇಲ್ಲದಿದ್ದರೆ ಹೊಸ ಡಾಕ್ಟರುಗಳು ಆಪರೇಷನ್ ಕಲಿಯುವುದಕ್ಕೆ ಬೇಕಾಗುತ್ತದೆ. ಸುಮ್ಮನೆ ಬಿಸಾಡುವುದಿಲ್ಲ" ಎಂದಳು. ಅಮ್ಮನವರು ತಲೆಯಾಡಿಸಿದರು. ಆಮೇಲೆ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟೇನೂ ಇರಲಿಲ್ಲ. ಮಂಡಿಯಲ್ಲಿ ತೂಕದ ಮುಳ್ಳು ಒಂದು ಗೆರೆ ಆಚೆ ನಿಂತಾಗ ಯಜಮಾನರು ನೋಡುತ್ತಿದ್ದ ರೀತಿಯಲ್ಲಿ, ಗಮನಿಸಿದೆ ಎನ್ನುವಷ್ಟು ಮಾತ್ರ ನೋಡಿದರು.

ಮಧ್ಯಾಹ್ನ ತೋಟದಲ್ಲಿ ಸಮಾಧಿಯಾಯಿತು. ಮಣ್ಣು ಹಾಕಿ ಬಂದೆ.

ಎಲ್ಲ ಗೊತ್ತಿದ್ದೂ ನಾನು ಯಾಕೆ ಹಾಗೆ ಹೇಳಿದೆ ಎಂದು ಸಂಜೆಯಿಂದ ಯೋಚಿಸುತ್ತಿದ್ದೇನೆ. ಸಂಗ್ರಹವಾದ ಎಲ್ಲ ಕಾರ್ನಿಯಾಗಳೂ ಕಸಿಗೆ ಒದಗುವುದಿಲ್ಲವೆಂಬುದು ನನಗೆ ಹೊಸ ವಿಷಯವಲ್ಲ. ಒಂದು ಕಾರಣ, ಗಡುವು. ಇನ್ನೊಂದು ಕಾರಣ, ಕಳೆದ ವರ್ಷದ ಶಿಬಿರಕ್ಕೆ ಬಂದಿದ್ದ ಕಾಯಿ ಸುಲಿಯುವ ಕೆಲಸದವನು. ಸುಲಿಯುವಾಗ ಮಟ್ಟೆಯ ಚೂರು ಸಿಡಿದು ಕಣ್ಣಿಗೆ ಬಡಿದು, ವಾರವಿಡೀ ಯಾವುದೋ ಸೊಪ್ಪಿನ ರಸ ಬಿಟ್ಟುಕೊಂಡು, ಹುಣ್ಣಾಗಿ, ಕೊನೆಗೆ ಕಣ್ಣಗುಡ್ಡೆಯ ಮೇಲೆ ಸುಣ್ಣ ಬಳಿದಂತೆ ಬಿಳಿ ಕಲೆ ಉಳಿದುಬಿಟ್ಟಿತ್ತು. ಪೊರೆಯಾದರೆ ಬಸ್ಸಿನಲ್ಲಿ ಕರೆದೊಯ್ದು, ಮಸೂರ ಹಾಕಿಸಿ, ಮರುದಿನ ಕಪ್ಪು ಕನ್ನಡಕದೊಂದಿಗೆ ಮನೆಗೆ ಬಿಡಬಹುದು. ಇವನಿಗೆ ಬೇಕಾದದ್ದು ಇನ್ನೊಬ್ಬರ ಕಾರ್ನಿಯಾ. ಬೆಂಗಳೂರಿನ ಪಟ್ಟಿಯಲ್ಲಿ ಹೆಸರು ಬರೆಸಿ ಬಂದಿದ್ದೇವೆ, ಸರದಿ ಬಂದಿಲ್ಲ, ಸಂತೆಯ ದಿನ ಸಿಕ್ಕಾಗಲೆಲ್ಲ "ಏನಾದರೂ ಸುದ್ದಿ ಬಂತಾ ಸಾರ್?" ಎಂದು ಕೇಳುತ್ತಾನೆ. "ಖಂಡಿತ" ಎಂದಾಗ ನನ್ನ ಕಣ್ಣ ಮುಂದೆ ಇದ್ದವನು ಅವನು. ಯಜಮಾನರ ಕಣ್ಣು ಅವನಿಗೇ ಸಿಗಬೇಕೆಂದೇನೂ ಇಲ್ಲ, ಯಾರದು ಯಾರಿಗೆ ಹೋಯಿತೆಂದು ಎರಡೂ ಕಡೆಯವರಿಗೆ ತಿಳಿಸುವುದೂ ಇಲ್ಲ. ಆದರೂ ಪಟ್ಟಿ ಒಂದು ಹೆಜ್ಜೆ ಮುಂದೆ ಸರಿಯಲಿ ಎಂಬ ಆಸೆಯಲ್ಲಿ, ಕಾಲು ಗಂಟೆ ಕುಳಿತು ಹೇಳಬೇಕಾದದ್ದನ್ನು ಒಂದು ಪದದಲ್ಲಿ ಮುಗಿಸಿದೆ.

ಆರೂವರೆಗೆ ಕ್ಲಬ್ಬಿನ ತುರ್ತು ಸಭೆ ಇತ್ತು. ಎರಡು ನಿಮಿಷದ ಮೌನ, ಶ್ರದ್ಧಾಂಜಲಿಯ ಮಾತುಗಳು. ಅಧ್ಯಕ್ಷರು ಹೃದಯ ತುಂಬಿ ಮಾತನಾಡಿದರು. 1925ರಲ್ಲಿ ಹೆಲೆನ್ ಕೆಲ್ಲರ್ ಅಮೆರಿಕದ ಓಹಾಯೋದಲ್ಲಿ ಲಯನ್ಸ್ ಸಮಾವೇಶಕ್ಕೆ ಬಂದು ಅಂಧರ ಪರವಾಗಿ ಕೈಚಾಚಿ ಕೇಳಿದ್ದನ್ನೂ, ಅಂದಿನಿಂದ ಕಣ್ಣಿನ ಕೆಲಸ ನಮ್ಮ ಪಾಲಿನದಾದದ್ದನ್ನೂ, 1956ರಲ್ಲಿ ಮುಂಬಯಿಯಲ್ಲಿ ದೇಶದ ಮೊದಲ ಲಯನ್ಸ್ ಕ್ಲಬ್ ಆರಂಭವಾದದ್ದನ್ನೂ ನೆನೆದರು. ನನಗೆ ಮಾತ್ರ ನಮ್ಮಜ್ಜಿ ನೆನಪಾದರು. ಡಾ. ಎಂ.ಸಿ. ಮೋದಿಯವರ ಶಿಬಿರದಲ್ಲಿ, ಶಾಲೆಯ ಕಟ್ಟಡದಲ್ಲಿ ಸಾಲಾಗಿ ಮಲಗಿದ್ದ ನೂರಾರು ಜನರ ನಡುವೆ ಆಪರೇಷನ್ ಮಾಡಿಸಿಕೊಂಡು, ಆಮೇಲೆ ಸಾಯುವವರೆಗೂ ಸೋಡಾ ಬುಡ್ಡಿಯಂಥ ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಅಕ್ಕಿ ಆರಿಸುತ್ತಿದ್ದವರು. ಒಳಗೆ ಮಸೂರ ಕೂರಿಸುವ ವಿದ್ಯೆ ಆ ಶಿಬಿರಗಳಿಗೆ ಇನ್ನೂ ಬಂದಿರದ ಕಾಲ. "ಮೊದಲಿನ ಹಾಗೆ ಕಾಣುವುದಿಲ್ಲ, ಕನ್ನಡಕ ಬೇಕು ಅಂತ ಡಾಕ್ಟರು ಮೊದಲೇ ಹೇಳಿದ್ದರು ಕಣೋ" ಎಂದು ಅಜ್ಜಿ ಹೇಳುತ್ತಿದ್ದುದು ಇವತ್ತು ಬೇರೆ ರೀತಿಯಲ್ಲಿ ಕೇಳಿಸಿತು. ಅಷ್ಟು ಜನರ ನಡುವೆಯೂ ಯಾರೋ ಒಬ್ಬರು ಅನಕ್ಷರಸ್ಥ ಹೆಂಗಸಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು.

ಸಭೆಯ ಕೊನೆಯಲ್ಲಿ ಫ್ಲೆಕ್ಸಿನ ವಿಷಯ ಬಂತು. ನೇತ್ರದಾನ ಪಾಕ್ಷಿಕ ಇದೇ 8ಕ್ಕೆ ಮುಗಿಯುವುದರಿಂದ ಅಷ್ಟರೊಳಗೆ ಮಂಡಿ ಬೀದಿಯಲ್ಲಿ ಯಜಮಾನರ ಭಾವಚಿತ್ರ ಹಾಕಬೇಕು, ಗಣೇಶನ ಹಬ್ಬಕ್ಕೆ ಬರುವ ಜನರೆಲ್ಲ ನೋಡುತ್ತಾರೆ, ಪ್ರೇರಣೆಯಾಗುತ್ತದೆ ಎಂಬುದು ಎಲ್ಲರ ಅಭಿಪ್ರಾಯ. ಅದಕ್ಕೆ ನನ್ನ ತಕರಾರಿಲ್ಲ. "ಇಬ್ಬರ ಬಾಳಿಗೆ ಬೆಳಕಾದ ಪುಣ್ಯಾತ್ಮ" ಎಂದು ಬರೆಸುವುದೆಂದು ನಿಶ್ಚಯವಾದಾಗ ನಾನು ಎದ್ದು ನಿಂತು, ಆ ಸಾಲು ಬೇಡ, "ಕಣ್ಣುಗಳನ್ನು ದಾನ ಮಾಡಿದವರು" ಎಂದಷ್ಟೇ ಇರಲಿ ಎಂದೆ. ಕಾರಣವನ್ನೂ ಹೇಳಿದೆ. ಖಜಾಂಚಿಯವರು, "ಮೇಷ್ಟ್ರೇ, ಹೀಗೆಲ್ಲ ಹೇಳಿದರೆ ನಾಳೆ ಯಾರು ಕೊಡುತ್ತಾರೆ? ಇಬ್ಬರಿಗೆ ಬೆಳಕು ಅನ್ನುವ ಮಾತಿನಿಂದಲೇ ತಾನೇ ಇಷ್ಟು ವರ್ಷ ಜನರನ್ನು ಒಪ್ಪಿಸಿದ್ದು?" ಎಂದರು. ಅವರ ಮಾತಿನಲ್ಲಿ ಸುಳ್ಳಿಲ್ಲ. ಆ ಸಾಲನ್ನು ನಮ್ಮ ಕರಪತ್ರಕ್ಕೆ ಬರೆದುಕೊಟ್ಟವನು ನಾನೇ. ಹತ್ತು ಮನೆಯಿಂದ ಬಂದರೆ ಅದರಲ್ಲಿ ಕೆಲವಾದರೂ ಕಸಿಗೆ ಒದಗುತ್ತವೆ, ಹಾಗಾಗಿ ಹತ್ತೂ ಮನೆ ಒಪ್ಪುವುದು ಮುಖ್ಯ ಎಂಬುದನ್ನೂ ನಾನು ಬಲ್ಲೆ. ಆದರೆ ಆ ಮನೆಯಲ್ಲಿ ಕೇಳಿದ್ದು ಪುಣ್ಯದ ಪ್ರಶ್ನೆಯಲ್ಲ, ಮಾಲಿನ ಪ್ರಶ್ನೆ. ಕೊಡುವ ವಸ್ತು ಸರಿಯಿದೆಯೇ ಎಂದು ಕೊಡುವವರೇ ಇಷ್ಟು ಕಾಳಜಿಯಿಂದ ಕೇಳುವಾಗ, ತೆಗೆದುಕೊಳ್ಳಲು ಹೋದ ನಾನು ಮೇಲುಚೀಲವನ್ನಷ್ಟೇ ತೋರಿಸಿ ಬಂದೆನಲ್ಲ.

ಫ್ಲೆಕ್ಸಿನ ಸಾಲು ನಾಳೆಗೆ ಮುಂದೂಡಲ್ಪಟ್ಟಿದೆ. ಜಿಲ್ಲಾ ವರದಿಯಲ್ಲಿ ಸೆಪ್ಟೆಂಬರ್ ತಿಂಗಳ ನೇತ್ರದಾನದ ಕಾಲಂ ಎದುರಿಗೆ 2 ಎಂದು ಬರೆದಿಟ್ಟಿದ್ದೇನೆ. ನಾಳೆ ಹತ್ತಕ್ಕೆ ಶಾಲೆಯಲ್ಲಿ ಮಕ್ಕಳ ಕಣ್ಣಿನ ತಪಾಸಣೆ ಇದೆ, ಅಕ್ಷರಗಳ ಬೋರ್ಡು ಬೈಕಿನಲ್ಲೇ ಕಟ್ಟಿಟ್ಟಿದೆ. ಅದಕ್ಕೆ ಮುಂಚೆ ಒಮ್ಮೆ ಆ ಮನೆಗೆ ಹೋಗಿ ಅಮ್ಮನವರ ಎದುರು ಕುಳಿತು ಹೇಳಬೇಕೆಂದಿದ್ದೇನೆ. ಆದರೆ ಸಮಾಧಿಯಾದ ಮರುದಿನವೇ, ಬಂಧುಗಳ ನಡುವೆ ಕುಳಿತಿರುವ ಹೆಂಗಸಿನ ಮುಂದೆ ಇದನ್ನು ಹೇಗೆ ಎತ್ತುವುದು? ಗಣಾರಾಧನೆ ಮುಗಿಯುವ ತನಕ ಕಾದರೆ ಅಷ್ಟರಲ್ಲಿ ಪ್ರಯೋಗಾಲಯದ ಫಲಿತಾಂಶ ಬಂದಿರುತ್ತದೆ, ಅದು ಒಳ್ಳೆಯದಾಗಿಯೇ ಬಂದರೆ ನಾನು ಹೇಳುವ ಅಗತ್ಯವೇ ಬೀಳುವುದಿಲ್ಲ ಎಂದು ಮನಸ್ಸಿನ ಒಂದು ಮೂಲೆ ಹೇಳುತ್ತಿದೆ, ಮತ್ತು ಆ ಮೂಲೆಯ ಮಾತನ್ನು ಕೇಳಬಾರದು ಎಂದೂ ನನಗೆ ಗೊತ್ತು.