ಅಪ್ಪನ ತೇರು, ಆಯಿಯ ಖಾರೀಕು

ಹೋಳಿಹುಣ್ಣಿಮೆಯಾಗಿ ಐದನೆಯ ದಿನ ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು. ನಮ್ಮ ಮನೆಯಲ್ಲಿ ಅಷ್ಟುದ್ದದ ಹೆಸರು ಹೇಳಿದ್ದೇ ಇಲ್ಲ. ಅಪ್ಪ, ಅಪ್ಪನ ಗುಡಿ, ಅಪ್ಪನ ಕೆರೆ. ಈ ಸಲ ಆ ಮಂದಿಯ ನಡುವೆ ನಿಂತಾಗ ನನ್ನ ಕೈಯಲ್ಲಿ ತೇರಿಗೆ ಎಸೆಯಲು ಐದು ಖಾರೀಕು, ಅಂದರೆ ಒಣ ಖರ್ಜೂರ, ಇದ್ದವು. ಆಯಿ ಇದ್ದಾಗಲೂ ಐದೇ.

ಆಯಿ ಅಂದರೆ ನನ್ನ ತಾಯಿಯ ತಾಯಿ. ಊರು ಬಿಡುವಾಗಲೇ ಖಾರೀಕು ಸೆರಗಿನ ತುದಿಗೆ ಗಂಟಾಗಿರುತ್ತಿದ್ದವು. ಬುತ್ತಿಯಲ್ಲಿ ಖಟಿ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಅಂಥ ಬಿಸಿಲಲ್ಲೂ ಗುಡಿ ಕಾಣುವ ತನಕ ಆಕೆ ನೀರು ಮುಟ್ಟುತ್ತಿರಲಿಲ್ಲ. ನನಗೆ ಮಾತ್ರ ಮತ್ತೆ ಮತ್ತೆ ಕುಡಿಸುತ್ತಿದ್ದಳು. ತೇರು ಹತ್ತಿರ ಬಂದಾಗ ಗಂಟು ಬಿಚ್ಚಿ ಅಷ್ಟೂ ಖಾರೀಕನ್ನು ನನ್ನ ಅಂಗೈಗೆ ಹಾಕಿ, "ನೀ ಒಗಿ ನನ್ನವ್ವಾ, ನನ್ನ ರಟ್ಟ್ಯಾಗ ಬಲ ಇಲ್ಲ" ಅನ್ನುತ್ತಿದ್ದಳು. ದಿನಾ ಬಾವಿಯಿಂದ ಹತ್ತು ಕೊಡ ನೀರು ಸೇದುತ್ತಿದ್ದ ರಟ್ಟೆ ಅದು. ಇದು ನನಗೆ ಹೊಳೆದದ್ದು ಆಕೆ ಹೋದ ಮೇಲೆ.

ಶರಣರು 1746ರಲ್ಲಿ ಅರಳಗುಂಡಗಿಯಲ್ಲಿ ಹುಟ್ಟಿದರು, ಕಲಬುರಗಿಗೆ ಬಂದು ದಾಸೋಹ ನಡೆಸಿದರು, 1822ರಲ್ಲಿ ಲಿಂಗೈಕ್ಯರಾದರು. ಇದೆಲ್ಲ ನಾನು ಆಮೇಲೆ ಓದಿದ್ದು. ಆಯಿ ಬಸ್ಸಿನಲ್ಲಿ ನನ್ನನ್ನು ತೊಡೆಯ ಮೇಲೆ ಕೂಡಿಸಿಕೊಂಡು ಹೇಳುತ್ತಿದ್ದದ್ದು ಹಕ್ಕಿಯ ಕಥೆಯೊಂದೇ. ತೆನೆ ತಿನ್ನಲು ಬಂದ ಹಕ್ಕಿಗಳನ್ನು ಅಪ್ಪ ಓಡಿಸಲಿಲ್ಲ. "ಎಲ್ಲಾರೂ ಕವಣಿ ಬೀಸ್ತಾರ, ಅಪ್ಪ ನೀರಿಟ್ಟ ನೋಡು."

ಜಾತ್ರೆಯಿಂದ ಮರಳಿದ ರಾತ್ರಿಯೇ ಮಾಳಿಗೆಯ ಮೇಲೆ ಒಡೆದ ಗಡಿಗೆಯ ತುಂಡಿನಲ್ಲಿ ನೀರು, ಪಕ್ಕದಲ್ಲಿ ಒಂದು ಹಿಡಿ ಜೋಳ. ಮಿರಗ, ಅಂದರೆ ಮೃಗಶಿರ ಮಳೆ, ಕೂಡುವ ತನಕ ಒಂದು ದಿನವೂ ತಪ್ಪುತ್ತಿರಲಿಲ್ಲ. ಜೋಳ ತುಟ್ಟಿಯಾದ ಒಂದು ವರ್ಷ ಮನೆಯಲ್ಲಿ ಗೊಣಗಾಟವಾಯಿತು. ಆಯಿ ಎದುರಾಡಲಿಲ್ಲ. ಮರುದಿನದಿಂದ ಒಂದು ರೊಟ್ಟಿ ಕಡಿಮೆ ಬಡಿದಳು, ಆ ರೊಟ್ಟಿ ಆಕೆಯ ಪಾಲಿನದು. ದಾಸೋಹ ಎಂಬ ಮಾತನ್ನು ಆಕೆಯ ಬಾಯಲ್ಲಿ ಕೇಳಿದ ನೆನಪು ನನಗಿಲ್ಲ.

ಈ ಸಲ, ಶರಣರದೆಂದು ನಂಬುವ ಪರುಷ ಬಟ್ಟಲು ತೋರಿಸಿದರು, ತೇರು ಕದಲಿತು, ಜೈಕಾರ ಎದ್ದಿತು. ನಾನು ಒಂದೊಂದಾಗಿ ಒಗೆದೆ. ನಾಲ್ಕಕ್ಕೂ ಮಕ್ಕಳಿಗಾಗಿ, ಮನೆಗಾಗಿ ಬೇಡಿಕೊಂಡೆ. ಐದನೆಯದಕ್ಕೆ ಏನೂ ಬೇಡಲಿಲ್ಲ. ಆಯಿಯನ್ನು ನನಗೆ ಕೊಟ್ಟೆಯಲ್ಲ ಅಪ್ಪಾ, ಅಷ್ಟು ಅಂದೆ. ಕಣ್ಣು ತುಂಬಿ ಖಾರೀಕು ಎಲ್ಲಿ ಬಿತ್ತೆಂದು ಕಾಣಲಿಲ್ಲ.

ಮನೆಯಲ್ಲಿ ಒಡೆದ ಗಡಿಗೆ ಎಲ್ಲಿಂದ ಬರಬೇಕು? ಸ್ಟೀಲಿನದಾದರೆ ನೀರು ಕಾಯುತ್ತದೆ ಎಂದು ಮಣ್ಣಿನ ಅಗಲ ಬಟ್ಟಲು ಕೊಂಡು ತಂದು ಮಾಳಿಗೆಯ ಮೇಲಿಟ್ಟೆ. ಎರಡು ದಿನ ಜೋಳ ಇಟ್ಟಂತೆಯೇ ಇತ್ತು. ಮೂರನೆಯ ಮುಂಜಾನೆ ನೋಡಿದರೆ ಒಂದಿಷ್ಟು ಕಾಳು ಕಡಿಮೆಯಾಗಿದ್ದವು.