ಮೂವತ್ತೆಂಟು ರಾತ್ರಿಯ ಸಚಿವಾಲಯ

ಊಟ ಮುಗಿದು ಅಡುಗೆಮನೆಯ ದೀಪ ಆರಿಸಿದ ಮೇಲೆ, ರಾತ್ರಿ ಒಂಬತ್ತೂವರೆಗೆ ಸರಿಯಾಗಿ ಟಿ.ವಿ.ಯ ಮುಂದೆ ಕೂರುವುದು ಒಂದು ತಿಂಗಳಿಗೂ ಮೇಲ್ಪಟ್ಟು ನಮ್ಮಿಬ್ಬರ ವಾಡಿಕೆಯಾಗಿತ್ತು. ಈಗಲೂ ಒಂಬತ್ತೂವರೆಯಾಗುತ್ತದೆ, ರಿಮೋಟು ಟೀಪಾಯಿಯ ಮೇಲೆಯೇ ಇರುತ್ತದೆ, ಆದರೆ ಹಾಕಲು ಕಂತು ಉಳಿದಿಲ್ಲ. ಬಿಬಿಸಿಯ 'ಎಸ್ ಮಿನಿಸ್ಟರ್' ಮತ್ತು ಅದರ ಮುಂದುವರಿಕೆಯಾದ 'ಎಸ್ ಪ್ರೈಮ್ ಮಿನಿಸ್ಟರ್' ಎರಡನ್ನೂ ನೋಡಿ ಮುಗಿಸಿಬಿಟ್ಟೆವು. 1980ರಿಂದ 1988ರವರೆಗೆ ಬಂದ ಈ ಹಾಸ್ಯ ಸರಣಿಯಲ್ಲಿರುವುದು ಒಟ್ಟು 38 ಕಂತುಗಳು. ಮಗ ಡಿವಿಡಿಗಳ ಪೆಟ್ಟಿಗೆಯನ್ನು ಕೊಟ್ಟುಹೋದ ದಿನವೇ, ದಿನಕ್ಕೆ ಒಂದಕ್ಕಿಂತ ಹೆಚ್ಚು ನೋಡಕೂಡದೆಂದು ನಾನು ನಿಯಮ ಮಾಡಿದ್ದೆ. ಸರ್ಕಾರಿ ನೌಕರನಾಗಿದ್ದವನು ಮಾಡಿದ ನಿಯಮಗಳ ಪೈಕಿ ಯಾವ ವಿನಾಯಿತಿಯೂ ಇಲ್ಲದೆ ಜಾರಿಯಾದದ್ದು ಬಹುಶಃ ಇದೊಂದೇ.

ನಾನು ಸಚಿವಾಲಯದ ಒಂದು ಇಲಾಖೆಗೆ ಕಿರಿಯ ಸಹಾಯಕನಾಗಿ ಸೇರಿ ಶಾಖಾಧಿಕಾರಿಯಾಗಿ ನಿವೃತ್ತನಾದವನು. ಆದ್ದರಿಂದ ಲಂಡನ್ನಿನ ಈ ಸಚಿವಾಲಯದೊಳಗೆ ಕಾಲಿಟ್ಟಾಗ ದಾರಿ ಕೇಳುವ ಅಗತ್ಯವೇ ಬೀಳಲಿಲ್ಲ. ಜಿಮ್ ಹ್ಯಾಕರ್ ಎಂಬ ರಾಜಕಾರಣಿ ಆಡಳಿತ ವ್ಯವಹಾರಗಳ ಇಲಾಖೆಗೆ ಮಂತ್ರಿಯಾಗಿ ಬರುತ್ತಾನೆ. ಏನಾದರೂ ಬದಲಾವಣೆ ತರಬೇಕೆಂಬ ಆಸೆ ಅವನಿಗಿದೆ, ಅದಕ್ಕಿಂತ ಹೆಚ್ಚಾಗಿ ಪತ್ರಿಕೆಯಲ್ಲಿ ಹೆಸರು ಬರಬೇಕೆಂಬ ಆಸೆಯಿದೆ. ಇಲಾಖೆಯ ಖಾಯಂ ಕಾರ್ಯದರ್ಶಿ ಸರ್ ಹಂಫ್ರಿ ಆಪಲ್‌ಬಿಯ ದೃಷ್ಟಿಯಲ್ಲಿ ಮಂತ್ರಿಗಳು ಬಂದುಹೋಗುವ ಮಳೆಗಾಲ, ಇಲಾಖೆ ನೆಲ. ಇವರಿಬ್ಬರ ನಡುವೆ ಮಂತ್ರಿಯ ಆಪ್ತ ಕಾರ್ಯದರ್ಶಿ ಬರ್ನಾರ್ಡ್ ವೂಲಿ. ಬರೆದವರು ಆಂಟನಿ ಜೇ ಮತ್ತು ಜೊನಾಥನ್ ಲಿನ್. ಹ್ಯಾಕರ್ ಯಾವ ಪಕ್ಷದವನೆಂದು ಅವರು ಕೊನೆಯವರೆಗೂ ಹೇಳುವುದಿಲ್ಲ. ಅದನ್ನು ಹೇಳಿಬಿಟ್ಟಿದ್ದರೆ ನೋಡುಗರಲ್ಲಿ ಅರ್ಧದಷ್ಟು ಜನ ನಗುವುದನ್ನು ಬಿಟ್ಟು ವಾದಕ್ಕಿಳಿಯುತ್ತಿದ್ದರು.

ನನಗೆ ಮರೆಯಲಾಗದ ಕಂತು ಆಸ್ಪತ್ರೆಯದು. ಹೊಸದಾಗಿ ಕಟ್ಟಿದ ಆ ಆಸ್ಪತ್ರೆಯಲ್ಲಿ ಐನೂರಕ್ಕೂ ಹೆಚ್ಚು ಸಿಬ್ಬಂದಿ ಹದಿನೈದು ತಿಂಗಳಿನಿಂದ ಕೆಲಸ ಮಾಡುತ್ತಿದ್ದಾರೆ, ಆದರೆ ಅಲ್ಲಿ ಒಬ್ಬ ರೋಗಿಯೂ ಇಲ್ಲ. ಮಂತ್ರಿ ಗಾಬರಿಯಿಂದ ವಿಚಾರಿಸಿದರೆ, ಆಡಳಿತಾಧಿಕಾರಿಣಿ ಅತ್ಯಂತ ಹೆಮ್ಮೆಯಿಂದ ಅಲ್ಲಿನ ಶುಚಿತ್ವವನ್ನು ಬಣ್ಣಿಸುತ್ತಾಳೆ. ಈ ದೃಶ್ಯವನ್ನು ನೋಡುವಾಗ ನನಗೆ ನಗು ಬಂದದ್ದು ಸ್ವಲ್ಪ ತಡವಾಗಿ. ನನ್ನ ಶಾಖೆಯಲ್ಲಿ ಒಂದು ಬೀರುವಿನ ಬೀಗ ಕೆಟ್ಟಾಗ, ಅದನ್ನು ದುರಸ್ತಿ ಮಾಡಿಸಲು ಅನುಮತಿ ಕೋರಿ ಕಡತ ಮಂಡಿಸಿದ್ದೆ. ಆ ಕಡತ ಮೂರು ಬಾರಿ ಮೇಲೆ ಹೋಗಿ, ಮೂರು ಬಾರಿಯೂ 'ಪರಿಶೀಲಿಸಿ ಮರುಮಂಡಿಸಿ' ಎಂಬ ಷರಾದೊಂದಿಗೆ ಕೆಳಗಿಳಿಯಿತು. ನಾಲ್ಕನೆಯ ಬಾರಿ ಮಂಜೂರಾತಿ ಸಿಗುವ ಹೊತ್ತಿಗೆ, ನಮ್ಮ ಜಮೇದಾರ ಒಂದು ಹೇರ್‌ಪಿನ್ನಿನಿಂದ ಅದನ್ನು ತೆಗೆಯುವ ವಿದ್ಯೆಯಲ್ಲಿ ಪಳಗಿಹೋಗಿದ್ದ. ಇದರಲ್ಲಿ ಯಾರದೂ ತಪ್ಪಿರಲಿಲ್ಲ, ಎಲ್ಲರೂ ಕ್ರಮಬದ್ಧವಾಗಿಯೇ ನಡೆದುಕೊಂಡಿದ್ದರು. ರೋಗಿಗಳಿಲ್ಲದ ಆ ಆಸ್ಪತ್ರೆಯಲ್ಲಿಯೂ ಹಾಗೆಯೇ.

ಸರ್ ಹಂಫ್ರಿಯನ್ನು ಕುತಂತ್ರಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನನಗೆ ಆತ ಮೊದಲಿಗೆ ಭಾಷಾಪ್ರೇಮಿಯಾಗಿ ಕಂಡ. ಮಂತ್ರಿ ಹೌದೋ ಅಲ್ಲವೋ ಎಂದು ಕೇಳಿದ ಪ್ರಶ್ನೆಗೆ ಆತ ಒಂದು ವಾಕ್ಯವನ್ನು ಆರಂಭಿಸಿದರೆ, ಅದು ಉಪವಾಕ್ಯದೊಳಗೆ ಉಪವಾಕ್ಯವಾಗಿ ಹೆಣೆದುಕೊಳ್ಳುತ್ತಾ, ಎಲ್ಲಿಯೂ ವ್ಯಾಕರಣ ತಪ್ಪದೆ, ಉಸಿರೂ ಕಟ್ಟದೆ, ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ನೈಜಲ್ ಹಾಥಾರ್ನ್ ಅದನ್ನು ಹೇಳುವ ಪರಿ ಪಳಗಿದ ಗಾಯಕನ ತಾನದ ಹಾಗೆ. 'ಮೇಲೆ ಓದಲಾದ ಕ್ರಮಾಂಕ ಒಂದರ ಪ್ರಸ್ತಾವನೆಯಲ್ಲಿ ವಿವರಿಸಿರುವ ಅಂಶಗಳ ಹಿನ್ನೆಲೆಯಲ್ಲಿ, ಕ್ರಮಾಂಕ ಎರಡರ ಆದೇಶವನ್ನು ಭಾಗಶಃ ಮಾರ್ಪಡಿಸಿ' ಎಂದು ಮೂರು ದಶಕ ಕರಡು ಬರೆದ ನನಗೆ, ಆ ವಾಕ್ಯಗಳನ್ನು ಕೇಳುವುದು ತವರಿನ ಮಾತು ಕೇಳಿದಂತೆ. ಪರದೆಯ ಕೆಳಗಿನ ಅಕ್ಷರಗಳು ಓದುವಷ್ಟರಲ್ಲಿ ಮಾಯವಾಗುತ್ತಿದ್ದುದರಿಂದ, ರಿಮೋಟಿನಲ್ಲಿ ನಿಲ್ಲಿಸಿ, ಹಿಂದೆ ಹೋಗಿ, ಕ್ರಿಯಾಪದವನ್ನು ಹುಡುಕಿ ಮತ್ತೆ ಮುಂದೆ ಹೋಗುತ್ತಿದ್ದೆ.

ನನ್ನ ಹೆಂಡತಿಗೆ ಅಷ್ಟು ಇಂಗ್ಲಿಷ್ ಬಾರದು. ನಾನು ನಿಲ್ಲಿಸಿ ಕನ್ನಡದಲ್ಲಿ ವಿವರಿಸುವಷ್ಟರಲ್ಲಿ ಹಾಸ್ಯ ಆರಿದ ಕಾಫಿಯಾಗಿರುತ್ತಿತ್ತು. ನಾಲ್ಕೈದು ದಿನಗಳ ನಂತರ ಆಕೆ, "ನೀವು ಸುಮ್ಮನಿರಿ, ಮಂತ್ರಿಯ ಮುಖ ನೋಡಿದರೆ ನನಗೆಲ್ಲಾ ತಿಳಿಯುತ್ತದೆ" ಎಂದುಬಿಟ್ಟಳು. ಅದು ನಿಜವೂ ಆಗಿತ್ತು. ತಾನು ಗೆದ್ದೆನೆಂದು ಬೀಗುತ್ತಿರುವ ಹ್ಯಾಕರ್‌ಗೆ, ತಾನು ಸಹಿ ಮಾಡಿದ್ದು ಏನೆಂಬುದು ಹೊಳೆಯುವ ಆ ಎರಡು ಸೆಕೆಂಡುಗಳಲ್ಲಿ ಪಾಲ್ ಎಡಿಂಗ್ಟನ್ನನ ಮುಖದಲ್ಲಿ ಗೆಲುವು ಹಾಗೆಯೇ ಇದ್ದು ಕಣ್ಣುಗಳು ಮಾತ್ರ ಇಳಿದುಹೋಗುತ್ತವೆ. ಆಮೇಲೆ ಹಂಫ್ರಿ ನಯವಾಗಿ ತಲೆಬಾಗಿಸಿ ಶೀರ್ಷಿಕೆಯ ಆ ಎರಡು ಪದಗಳನ್ನು ನುಡಿಯುತ್ತಾನೆ. ನಮ್ಮಲ್ಲಿ ಅದಕ್ಕೆ 'ಆಗಲಿ ಸಾರ್' ಎನ್ನುತ್ತೇವೆ. ಅದನ್ನು ಎಷ್ಟು ಅರ್ಥಗಳಲ್ಲಿ ಹೇಳಬಹುದೆಂಬುದು ಹೇಳಿದವರಿಗೇ ಗೊತ್ತು.

ಆದರೆ ಸರಣಿ ಮುಗಿದ ಮೇಲೆ ನನಗೆ ಹೆಚ್ಚಾಗಿ ನೆನಪಾಗುತ್ತಿರುವುದು ಇವರಿಬ್ಬರೂ ಅಲ್ಲ, ಡೆರೆಕ್ ಫೌಲ್ಡ್ಸ್ ನಟಿಸಿದ ಬರ್ನಾರ್ಡ್. ಆತನ ವೃತ್ತಿಯ ಭವಿಷ್ಯ ಕಾರ್ಯದರ್ಶಿಯ ಕೈಯಲ್ಲಿ, ದಿನದ ಕೆಲಸ ಮಂತ್ರಿಯ ಕೊಠಡಿಯಲ್ಲಿ. ಇಬ್ಬರಿಗೂ ಸುಳ್ಳು ಹೇಳದೆ, ಪೂರ್ತಿ ನಿಜವನ್ನೂ ಹೇಳದೆ ಬದುಕಬೇಕು. ಇಬ್ಬರೂ ಬಿಸಿಯಾಗಿರುವಾಗ ಯಾವುದೋ ನುಡಿಗಟ್ಟಿನಲ್ಲಿರುವ ಅಸಂಗತತೆಯನ್ನು ತಿದ್ದಲು ಹೋಗಿ ಬೈಸಿಕೊಳ್ಳುತ್ತಾನೆ. ಒಂದು ಕಂತಿನಲ್ಲಿ ಹಂಫ್ರಿ ಅವನಿಗೆ ಜನಾಭಿಪ್ರಾಯ ಸಮೀಕ್ಷೆಯ ಪಾಠ ಹೇಳಿಕೊಡುತ್ತಾನೆ: ಯುವಕರಿಗೆ ಕೆಲಸವಿಲ್ಲ, ಶಿಸ್ತಿಲ್ಲ, ಅಪರಾಧ ಹೆಚ್ಚುತ್ತಿದೆ ಎಂಬ ಪ್ರಶ್ನೆಗಳಿಗೆಲ್ಲ ಹೌದೆನ್ನಿಸಿ ಕಡ್ಡಾಯ ಸೈನಿಕ ಸೇವೆಗೂ ಹೌದೆನ್ನಿಸುತ್ತಾನೆ; ಮರುಕ್ಷಣವೇ ಯುದ್ಧ, ಬಂದೂಕು, ಬಲವಂತದ ಪ್ರಶ್ನೆಗಳನ್ನು ಕೇಳಿ ಅದೇ ಸೇವೆಗೆ ವಿರೋಧವನ್ನೂ ಹೇಳಿಸುತ್ತಾನೆ. ಎರಡಕ್ಕೂ ಪ್ರಾಮಾಣಿಕವಾಗಿ ತಲೆಯಾಡಿಸಿದ ಬರ್ನಾರ್ಡನ ಪೆಚ್ಚುಮುಖದಲ್ಲಿ ನನಗೆ ಕಂಡದ್ದು ನನ್ನದೇ ಮುಖ. ಮೇಲಿನವರ ಎರಡು ವಿರುದ್ಧ ಅಭಿಪ್ರಾಯಗಳಿಗೆ ಒಂದೇ ದಿನ ಎರಡು ಸಮರ್ಥನೀಯ ಟಿಪ್ಪಣಿಗಳನ್ನು ನಾನೂ ಬರೆದಿದ್ದೇನೆ.

ಹ್ಯಾಕರ್ ಪ್ರಧಾನಿಯಾದ ಮೇಲಿನ ಕಂತುಗಳು ನನಗೆ ತುಸು ಕಡಿಮೆ ರುಚಿಸಿದವು. ಅಣ್ವಸ್ತ್ರದ ವಿಷಯ ಬಂದಾಗ ನಗುವಿಗೆ ಜಾಗ ಕಿರಿದಾಗುತ್ತದೆ. ಆದರೂ ಪ್ರಧಾನಿ ನಿವಾಸಕ್ಕೆ ತೆರೆಯುವ ಬಾಗಿಲಿನ ಕೀಲಿಕೈಯನ್ನು ಹಂಫ್ರಿಯಿಂದ ಕಸಿದುಕೊಳ್ಳುವ ಕಂತು ಇದಕ್ಕೆ ಅಪವಾದ. ಅಷ್ಟು ದೊಡ್ಡ ಮನುಷ್ಯ ಒಂದು ಕೀಲಿಕೈಗಾಗಿ ಕಿಟಕಿ ಬಡಿಯುವ ಸ್ಥಿತಿಗೆ ಬರುತ್ತಾನೆ. ಕೊಠಡಿ, ಕುರ್ಚಿ, ಕಾರು ಇವುಗಳಿಗಾಗಿ ಹಿರಿಯರು ಕಣ್ಣೀರು ಹಾಕಿದ್ದನ್ನು ಕಂಡವರಿಗೆ ಅದು ಉತ್ಪ್ರೇಕ್ಷೆ ಎನಿಸಲಾರದು.

ಕೊನೆಯ ಕಂತಿನಲ್ಲಿ ವಿದಾಯವೇ ಇಲ್ಲ. ದೂರವಾಣಿ ಕದ್ದಾಲಿಕೆಯ ಬಗ್ಗೆ ಹ್ಯಾಕರ್ ತಿಳಿಯದೆ ಸಂಸತ್ತಿನಲ್ಲಿ ಸುಳ್ಳಾಡುತ್ತಾನೆ, ಅದನ್ನು ಸಮರ್ಥಿಸಲು ಹಂಫ್ರಿ ಒಪ್ಪುವುದಿಲ್ಲ. ಅಷ್ಟರಲ್ಲಿ ರೇಡಿಯೋ ಸಂದರ್ಶನ ಮುಗಿಯಿತೆಂದುಕೊಂಡು ಹಂಫ್ರಿಯೇ ಬಾಯಿ ಜಾರಿದ್ದರ ಟೇಪು ಪ್ರಧಾನಿಯ ಕೈಗೆ ಸಿಕ್ಕಿ, ಆತ ಒಪ್ಪಲೇಬೇಕಾಗುತ್ತದೆ. ಅಷ್ಟಕ್ಕೆ ಮುಗಿಯಿತು. ಯಾರೂ ನಿವೃತ್ತರಾಗಲಿಲ್ಲ, ಹಾರ ಹಾಕಿಸಿಕೊಳ್ಳಲಿಲ್ಲ. ನಾಳೆ ಬೆಳಿಗ್ಗೆ ಮೂವರೂ ಅದೇ ಕೊಠಡಿಗೆ ಬರುತ್ತಾರೆ, ನಮಗೆ ಮಾತ್ರ ಪ್ರವೇಶವಿಲ್ಲ. ಆ ಮೂವರು ನಟರೂ ಈಗ ಇಲ್ಲವೆಂಬುದನ್ನು ಆ ರಾತ್ರಿ ನೆನೆಯಬಾರದಿತ್ತು, ನೆನೆದೆ.

ಬೇರೆ ಏನಾದರೂ ನೋಡೋಣವೆಂದು ಎರಡು ಹೊಸ ಹಾಸ್ಯ ಸರಣಿಗಳನ್ನು ಹಾಕಿದೆವು. ಎರಡನ್ನೂ ಅರ್ಧಕ್ಕೇ ಆರಿಸಿದೆವು.

ಕಳೆದ ಭಾನುವಾರ ನಮ್ಮ ಬಡಾವಣೆಯ ನಿವಾಸಿಗಳ ಸಭೆಯಿತ್ತು. ಉದ್ಯಾನದ ಕೆಟ್ಟ ನಲ್ಲಿಯನ್ನು ಬದಲಿಸುವುದು ಅಂದಿನ ವಿಷಯ. ಮುಕ್ಕಾಲು ಗಂಟೆಯ ಚರ್ಚೆಯಾದ ಮೇಲೆ ಕಾರ್ಯದರ್ಶಿಗಳು ಎದ್ದುನಿಂತು, ಈ ಸಲಹೆ ಅತ್ಯಂತ ಸ್ವಾಗತಾರ್ಹವೆಂದೂ, ಆದ್ದರಿಂದಲೇ ಇದರ ಸಾಧಕ ಬಾಧಕಗಳನ್ನು ಅಧ್ಯಯನ ಮಾಡಲು ಒಂದು ಉಪಸಮಿತಿಯನ್ನು ರಚಿಸುವುದು ಸೂಕ್ತವೆಂದೂ ಗಂಭೀರವಾಗಿ ನುಡಿದರು. ಮಹಿಳೆಯರ ಸಾಲಿನಲ್ಲಿ ಕುಳಿತಿದ್ದ ನನ್ನ ಹೆಂಡತಿ ತಿರುಗಿ ನನ್ನತ್ತ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.